ಕಾರಿನ ಒಡಲೂ ಕಂಪನದ ಗುರಿಯೂ: ಪುಣೆಯ ಒಂದು ಇತಿಹಾಸ

ಪುಣೆಯ ಪಶ್ಚಿಮಕ್ಕೆ, ಕೋಥರೂಡಿನ ಮಗ್ಗುಲಲ್ಲಿ ಎದ್ದು ನಿಂತಿರುವ ವೇತಾಳ ಗುಡ್ಡವನ್ನು ಬೆಳಗಿನ ಹೊತ್ತು ಹತ್ತುವವರಲ್ಲಿ ಬಹುಮಂದಿ ಅದನ್ನು ವೇತಾಳನ ಹೆಸರಿನಿಂದ ಕರೆಯುವುದಿಲ್ಲ, ‘ಎ.ಆರ್.ಎ.ಐ. ಟೇಕಡಿ’ ಎನ್ನುತ್ತಾರೆ. ಒಂದು ಗ್ರಾಮದೈವದ ಹೆಸರನ್ನು ಒಂದು ಸಂಶೋಧನ ಸಂಸ್ಥೆಯ ಆದ್ಯಕ್ಷರಗಳು ಹಿಂದಕ್ಕೆ ಸರಿಸಿದ ಈ ಸಂಗತಿ ಸ್ಥಳನಾಮಗಳ ಅಭ್ಯಾಸಿಗಳಿಗೆ ಬಿಟ್ಟ ವಿಷಯ. ಪ್ರಸ್ತುತಕ್ಕೆ ಬೇಕಾದುದು ಇಷ್ಟೆ: ಭಾರತೀಯ ಮೋಟಾರು ಉದ್ಯಮವೂ ಕೇಂದ್ರ ಸರಕಾರವೂ ಕೂಡಿ ಈ ಸಂಸ್ಥೆಯನ್ನು ಸ್ಥಾಪಿಸಿದುದು 1966ರಲ್ಲಿ. ಅದೇ ವರ್ಷ, ಆಗ ಟೆಲ್ಕೊ ಎಂದು ಹೆಸರಾಗಿದ್ದ ಕಂಪನಿಯು ಪುಣೆಯಲ್ಲಿ ತನ್ನ ಎಂಜಿನಿಯರಿಂಗ್ ಸಂಶೋಧನ ಕೇಂದ್ರವನ್ನು ತೆರೆಯಿತು. ಪುಣೆಯು ಮೋಟಾರು ವಾಹನಗಳನ್ನು ಕೇವಲ ಜೋಡಿಸುವ ಊರಾಗದೆ ಅವುಗಳನ್ನು ಕುರಿತು ಚಿಂತಿಸುವ ಊರಾದುದರ ಮೂಲವನ್ನು ಈ ಎರಡು ಘಟನೆಗಳಲ್ಲಿ ಕಾಣಬಹುದು.

ಆ ಚಿಂತನೆಯ ಹಲವು ಶಾಖೆಗಳಲ್ಲಿ ಅತ್ಯಂತ ತಡವಾಗಿ ಚಿಗುರಿದ ಶಾಖೆಯೊಂದನ್ನು ಇಲ್ಲಿ ಪರಿಶೀಲಿಸಲಾಗಿದೆ. ಕಾರಿನ ಒಡಲು ಎಷ್ಟು ನಡುಗಬಹುದು, ಅದರೊಳಗೆ ಎಷ್ಟು ಸದ್ದು ಇರಬಹುದು ಎಂಬುದನ್ನು ಆ ಕಾರು ಹುಟ್ಟುವುದಕ್ಕೆ ಮೊದಲೇ ಅಂಕೆಯಲ್ಲಿ ಬರೆದಿಡುವ ವಿದ್ಯೆ ಅದು. ತಯಾರಾದ ಗಾಡಿಯ ಸದ್ದನ್ನು ಅಳೆಯುವುದು ಬೇರೆ; ಇಲ್ಲದ ಗಾಡಿಗೆ ಇಷ್ಟೇ ಸದ್ದೆಂದು ವಿಧಿಸುವುದು ಬೇರೆ. ಮೊದಲನೆಯದಕ್ಕೆ ಒಂದು ಉಪಕರಣ ಸಾಕು. ಎರಡನೆಯದಕ್ಕೆ ಯಾರ ಕಿವಿಗಾಗಿ, ಎಷ್ಟು ಹಣಕ್ಕೆ, ಎಷ್ಟು ತೂಕ ತೆತ್ತು ಎಂಬ ನಿರ್ಣಯ ಬೇಕು. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಪುಣೆಗೆ ಮೂರು ದಶಕಗಳಿಗೂ ಮಿಕ್ಕಿ ಹಿಡಿಯಿತು.

ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಸ್ವಾತಂತ್ರ್ಯಾನಂತರ ಈ ದೇಶದ ರಸ್ತೆಗಳಲ್ಲಿ ಓಡಿದ ಕಾರುಗಳ ನಕಾಶೆಗಳು ಪರದೇಶಗಳಿಂದ ಬಂದವು. ಉತ್ತರಪಾಡಾದ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನ ಮರುಹುಟ್ಟು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಾಟ್ 1100. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇಂಗ್ಲಿಷ್ ಸಂತಾನವೇ. ಇವುಗಳ ತಗಡು ಎಷ್ಟು ದಪ್ಪವಿರಬೇಕು, ತೊಲೆ ಎಲ್ಲಿ ಹಾಯಬೇಕು ಎಂಬುದನ್ನು ನಿರ್ಧರಿಸಿದವರು ಆಕ್ಸ್‌ಫರ್ಡಿನಲ್ಲಿಯೋ ತುರೀನಿನಲ್ಲಿಯೋ ಇದ್ದರು. ನಿರ್ಣಯವೇ ಇಲ್ಲಿಯದಲ್ಲದ ಮೇಲೆ ಗುರಿಯ ಪ್ರಶ್ನೆ ಇಲ್ಲಿ ಏಳುವ ಸಂಭವವೂ ಇರಲಿಲ್ಲ. ಬಾಗಿಲು ಗಡಗಡ ಎಂದರೆ ಗ್ಯಾರೇಜಿನ ಮೇಸ್ತ್ರಿ ರಬ್ಬರಿನ ತುಂಡೊಂದನ್ನು ಸಿಕ್ಕಿಸುತ್ತಿದ್ದನು. ನೆಲ ಅದಿರಿದರೆ ಮಾಲೀಕನು ಮತ್ತೊಂದು ಜಮಖಾನೆ ಹಾಸುತ್ತಿದ್ದನು. ಕಾರು ಕೊಳ್ಳಲು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿದ್ದ ಕಾಲದಲ್ಲಿ ಸದ್ದಿನ ಬಗ್ಗೆ ದೂರುವ ಧೈರ್ಯ ಯಾರಿಗಿದ್ದೀತು?

ವಿಷಯದ ಒಳಹೊಕ್ಕು ನೋಡಬೇಕಾದರೆ ಒಡಲಿನ ರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಆದಿಯಲ್ಲಿ ಕಾರೆಂದರೆ ಕುದುರೆ ಬಿಚ್ಚಿದ ಸಾರೋಟು: ಕೆಳಗೆ ಏಣಿಯಂತಹ ಉಕ್ಕಿನ ಚೌಕಟ್ಟು, ಮೇಲೆ ಕುಳಿತುಕೊಳ್ಳುವ ಪೆಟ್ಟಿಗೆ. 1922ರಲ್ಲಿ ಬೆಳಕಿಗೆ ಬಂದ ಇಟಲಿಯ ಲಾನ್ಚಿಯಾ ಲಾಂಬ್ಡಾ, 1934ರ ಫ್ರೆಂಚ್ ಸಿತ್ರೋಯೆನ್ ಇವು ಚೌಕಟ್ಟನ್ನೇ ತೆಗೆದುಹಾಕಿ ಒಡಲೇ ಭಾರ ಹೊರುವಂತೆ ಮಾಡಿದವು. ತೂಕ ಇಳಿಯಿತು, ಉಕ್ಕು ಉಳಿಯಿತು. ಆದರೆ ಒಂದು ಅನರ್ಥವೂ ಸಂಭವಿಸಿತು. ಚೌಕಟ್ಟಿನ ಗಾಡಿಯಲ್ಲಿ ಎಂಜಿನಿಗೂ ಪ್ರಯಾಣಿಕನಿಗೂ ನಡುವೆ ಎರಡು ಕಡೆ ರಬ್ಬರಿನ ತಡೆ ಇರುತ್ತಿತ್ತು. ಏಕೋಡಲಿನ ಗಾಡಿಯಲ್ಲಿ ಎಂಜಿನಿನ ನಡುಕವು ಒಂದೇ ತಡೆಯನ್ನು ದಾಟಿ ನೇರವಾಗಿ ತೆಳು ತಗಡುಗಳನ್ನು ಸೇರುತ್ತದೆ. ತಗಡಾದರೋ ಡೋಲಿನ ಚರ್ಮದಂತೆ ಕಂಪಿಸಿ ಒಳಗಿನ ಗಾಳಿಯನ್ನು ಮಿಡಿಯುತ್ತದೆ.

ಇದರ ಲೆಕ್ಕ ಕಠಿಣವಾದುದಲ್ಲ. ನಾಲ್ಕು ಸಿಲಿಂಡರುಗಳ ಸಾಮಾನ್ಯ ಎಂಜಿನು ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ಗಾಡಿ ನಿಂತಿರುವಾಗ ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 26 ಅಥವಾ 27 ಮಿಡಿತಗಳಾದವು. ಆಸನ, ಗಾಜು, ಬಾಗಿಲು ಎಲ್ಲವನ್ನೂ ಜೋಡಿಸಿದ ಕಾರಿನ ಒಡಲು ಒಂದು ತೊಲೆಯಂತೆ ತಾನಾಗಿ ಬಾಗಿ ತಿರುಚಿ ಕಂಪಿಸುವ ಮೊದಲ ಆವೃತ್ತಿಗಳು ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 30ರ ನಡುವೆಯೇ ಬೀಳುತ್ತವೆ. ಇವೆರಡೂ ಕೂಡಿಕೊಂಡರೆ ಸ್ಟಿಯರಿಂಗ್ ಚಕ್ರ ಚಳಿಜ್ವರ ಬಂದವರಂತೆ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿಹೋಗುತ್ತದೆ. ಇನ್ನು ಒಳಗಿನ ಗಾಳಿಯ ವಿಷಯ. ಎರಡು ಮೀಟರು ಉದ್ದದ ಮುಚ್ಚಿದ ಕೋಣೆಯಲ್ಲಿ ಶಬ್ದದ ಅರ್ಧ ಅಲೆ ಸರಿಯಾಗಿ ಹಿಡಿಸುವುದು ಸೆಕೆಂಡಿಗೆ ಸುಮಾರು 86ರ ಆವೃತ್ತಿಯಲ್ಲಿ. ಎಂಜಿನು ನಿಮಿಷಕ್ಕೆ 2,580 ಸುತ್ತಿನ ಹತ್ತಿರ ಬಂದೊಡನೆ ಕಿವಿ ತುಂಬಿ ಬರುವ ಗುಂಯ್ಗುಡುವಿಕೆಗೆ ಇದೇ ಕಾರಣ. ಮುಂಬಯಿ ರಸ್ತೆಯಲ್ಲಿ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಲೆ ಭಾರವಾಗಿ, ಸ್ವಲ್ಪ ವೇಗ ಹೆಚ್ಚಿಸಿದರೆ ಹಗುರಾಗುವುದನ್ನು ಹಳೆಯ ಕಾರುಗಳಲ್ಲಿ ಪ್ರಯಾಣ ಮಾಡಿದವರೆಲ್ಲ ಬಲ್ಲರು.

ಆದುದರಿಂದ ಒಡಲಿನ ವಿನ್ಯಾಸವು ಮೂಲತಃ ಸ್ವರಸ್ಥಾನಗಳ ಹಂಚಿಕೆಯಂತಹದು. ಸ್ಪ್ರಿಂಗಿನ ಮೇಲೆ ಇಡಿಯ ಗಾಡಿ ಏರಿಳಿಯುವುದು ಸೆಕೆಂಡಿಗೆ ಒಂದು, ಒಂದೂವರೆ ಸಲ, ಚಕ್ರಗಳು ಪುಟಿಯುವುದು ಹತ್ತರಿಂದ ಹದಿನೈದು ಸಲ, ರಬ್ಬರಿನ ಮೇಲೆ ಕುಳಿತ ಎಂಜಿನು ತೂಗುವುದು ಇವೆರಡರ ನಡುವೆ ಮತ್ತು ಆಸುಪಾಸಿನಲ್ಲಿ, ಅದರಾಚೆ ಒಡಲು, ಅದಕ್ಕೂ ಮೇಲೆ ಸ್ಟಿಯರಿಂಗ್ ಕಂಬ. ಒಂದರ ಸ್ಥಾನದಲ್ಲಿ ಮತ್ತೊಂದು ಕಾಲಿಡಬಾರದು. ಸಂಗೀತಗಾರನು ಸ್ವರಗಳು ಕೂಡಬೇಕೆಂದು ಬಯಸಿದರೆ ಒಡಲಿನ ವಿನ್ಯಾಸಕನು ಅವು ಎಂದೆಂದಿಗೂ ಕೂಡದಿರಲಿ ಎಂದು ಬಯಸುತ್ತಾನೆ. ಶಾಸ್ತ್ರ ಮಾತ್ರ ಇಬ್ಬರಿಗೂ ಒಂದೇ.

ಈ ಶಾಸ್ತ್ರದ ಬೇರುಗಳು ಕನ್ನಡ ನಾಡಿಗೂ ಚಾಚಿಕೊಂಡಿರುವುದು ಗಮನಾರ್ಹ. ಸಿ. ವಿ. ರಾಮನ್ನರು ಕಲಕತ್ತೆಯಲ್ಲಿದ್ದಾಗ, 1916ರ ಸುಮಾರಿಗೆ, ಕಮಾನು ವಾದ್ಯಗಳ ‘ತೋಳ-ಸ್ವರ’ವನ್ನು ವಿಶದಪಡಿಸಿದ್ದರು. ತಂತಿಯ ಸ್ವರವು ವಾದ್ಯದ ಬುರುಡೆಯ ಸ್ವಂತ ಕಂಪನವನ್ನು ಸಂಧಿಸಿದಾಗ ತಂತಿಯ ಶಕ್ತಿಯನ್ನು ಬುರುಡೆ ಹೀರಿಕೊಂಡು ನಾದ ತೊದಲುತ್ತದೆ ಎಂಬುದು ಅದರ ತಾತ್ಪರ್ಯ. ಎಂಜಿನನ್ನು ತಂತಿಯೆಂದೂ ಒಡಲನ್ನು ಬುರುಡೆಯೆಂದೂ ಭಾವಿಸಿದರೆ ಮೇಲಿನ ಲೆಕ್ಕವೆಲ್ಲ ಅದರಲ್ಲಡಗಿದೆ. ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1934ರಲ್ಲಿ ಭಾರತೀಯ ಚರ್ಮವಾದ್ಯಗಳನ್ನು ಕುರಿತ ಅವರ ಪ್ರಬಂಧ ಅಲ್ಲಿಂದ ಪ್ರಕಟವಾಯಿತು. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವೆ ಮೆತ್ತುವ ಕರಿಯ ಕರಣೆಯ ತೂಕವೇ ಅವನ್ನು ಮೂಲಸ್ವರದ ಶ್ರುತಿಗೆ ತರುತ್ತದೆ ಎಂದು ಅವರು ತೋರಿಸಿದರು. ತೆಳುವಾದ ಹಾಳೆಯ ಮೇಲೆ ಎಲ್ಲಿ, ಎಷ್ಟು ಭಾರ ಲೇಪಿಸಿದರೆ ಅದರ ಧ್ವನಿ ಹೇಗೆ ಬದಲಾಗುತ್ತದೆ ಎಂಬುದೇ ಅಲ್ಲಿಯ ಪ್ರಶ್ನೆ. ಕಾರಿನ ನೆಲದ ತಗಡಿಗೆ ಡಾಂಬರಿನ ಹಾಳೆಯನ್ನು ಅಂಟಿಸಿ ಬೇಯಿಸುವಾಗಲೂ ಪ್ರಶ್ನೆ ಅದೇ, ಅಪೇಕ್ಷೆ ಮಾತ್ರ ತದ್ವಿರುದ್ಧ: ಕರಣೆ ಚರ್ಮಕ್ಕೆ ನಾದ ಕೊಡಬೇಕು, ಡಾಂಬರು ತಗಡಿನ ನಾದವನ್ನು ಕಸಿಯಬೇಕು. ಮೃದಂಗ ಕಟ್ಟುವವನು ಕರಣೆ ಮೆತ್ತುವ ಮೊದಲೇ ತನಗೆ ಬೇಕಾದ ಶ್ರುತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾನೆಂಬುದನ್ನು ಇಲ್ಲಿ ಮರೆಯಲಾಗದು. ಗುರಿ ಎಂದರೆ ಅದೇ. (ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ತರುವಾಯ ಪ್ರೊ. ಎಂ. ಎಲ್. ಮುಂಜಾಲರು ಎಂಜಿನಿನ ಹೊಗೆಕೊಳವೆಯ ಸದ್ದನ್ನು ತಗ್ಗಿಸುವ ಶಾಸ್ತ್ರವನ್ನು ಬೆಳೆಸಿದರು. ಅವರ ಗ್ರಂಥ 1987ರಲ್ಲಿ ಹೊರಬಂದು ಪರದೇಶಗಳಲ್ಲಿಯೂ ಮನ್ನಣೆ ಪಡೆಯಿತು.)

ಪುಣೆಗೆ ಹಿಂದಿರುಗೋಣ. ಇಲ್ಲಿ ಅಂಕೆಗಳು ಮೊದಲು ಪ್ರವೇಶಿಸಿದುದು ಕಾನೂನಿನ ಬಾಗಿಲಿನಿಂದ. 1986ರ ಪರಿಸರ ಸಂರಕ್ಷಣಾ ಶಾಸನದ ಕೆಳಗೆ ರಚಿತವಾದ ನಿಯಮಗಳು ತಯಾರಿಕೆಯ ಹಂತದಲ್ಲಿಯೇ ವಾಹನದ ಸದ್ದಿಗೆ ಮಿತಿ ಹಾಕಿದವು: ದ್ವಿಚಕ್ರ, ತ್ರಿಚಕ್ರಗಳಿಗೆ 80 ಡೆಸಿಬೆಲ್, ಕಾರಿಗೆ 82, ಹನ್ನೆರಡು ಟನ್ನಿಗೆ ಮೀರಿದ ಲಾರಿಗೆ 91. ಕಾರಿನ ಮಿತಿ 2003ರ ಜನವರಿಯಿಂದ 75ಕ್ಕೂ, 2005ರ ಏಪ್ರಿಲಿನಿಂದ 74ಕ್ಕೂ ಇಳಿಯಿತು. ಅಳತೆಯ ಕ್ರಮವೂ ನಿಗದಿಯಾಯಿತು: ಗಾಡಿ ವೇಗವೇರಿಸುತ್ತ ಹಾದುಹೋಗುವಾಗ ಅದರ ದಾರಿಯ ನಡುಗೆರೆಯಿಂದ ಏಳೂವರೆ ಮೀಟರು ದೂರದಲ್ಲಿ ಮೈಕ್ರೊಫೋನು. ವೇತಾಳ ಗುಡ್ಡದ ಸಂಸ್ಥೆ ಇಂತಹ ಪರೀಕ್ಷೆಗಳನ್ನು ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಪಡೆದುದರಿಂದ ದೇಶದ ನಾನಾ ಕಾರಖಾನೆಗಳ ಗಾಡಿಗಳು ಪುಣೆಗೆ ಬಂದು ಕೂಗಿ ತೋರಿಸಬೇಕಾಯಿತು. ಆದರೆ ಈ ಮಿತಿಗಳು ರಕ್ಷಿಸುವುದು ರಸ್ತೆಬದಿಯಲ್ಲಿ ನಿಂತವನ ಕಿವಿಯನ್ನು. ಗಾಡಿಯೊಳಗೆ ಕುಳಿತವನಿಗಾಗಿ ಅವು ಹುಟ್ಟಿದವಲ್ಲ. ಒಳಗಿನ ಮೌನ ಎಷ್ಟಿರಬೇಕೆಂಬುದು ತಯಾರಕನ ವಿವೇಚನೆಗೂ ಗ್ರಾಹಕನ ಸಹನೆಗೂ ಬಿಟ್ಟ ಮಾತಾಗಿ ಉಳಿಯಿತು.

ಆ ಸಹನೆಯನ್ನು ಕದಡಿದುದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಅದೂ ಪರದೇಶದ ನಕಾಶೆಯೇ. ಮೂರೇ ಸಿಲಿಂಡರಿನ ಪುಟ್ಟ ಎಂಜಿನು. ಆದರೂ ಅಂಬಾಸಿಡರಿನಲ್ಲಿ ಪಳಗಿದ ಕಿವಿಗೆ ಅದು ಹೊಸ ಲೋಕವನ್ನೇ ತೆರೆಯಿತು. ಹೋಲಿಕೆ ಸಾಧ್ಯವಾದ ಕ್ಷಣದಿಂದ ಸದ್ದು ಗಾಡಿಯ ಸಹಜಧರ್ಮವಾಗಿ ಉಳಿಯದೆ ಗಾಡಿಯ ದೋಷವಾಯಿತು. ಪುಣೆಯಲ್ಲಿ ಟೆಲ್ಕೊ ತಯಾರಿಸಿದ 1991ರ ಸಿಯೆರಾ, 1994ರ ಸುಮೊ ಇವು ಚೌಕಟ್ಟಿನ ಮೇಲೆ ನಿಂತ ಗಾಡಿಗಳು. ಲಾರಿಯ ಕುಲಕ್ಕೆ ಹತ್ತಿರದವು. ಸುಮೊದಲ್ಲಿ ಕುಳಿತವರು ಹತ್ತು ಮಂದಿಗೆ ಜಾಗವಿತ್ತೆಂದು ಹೊಗಳಿದರೇ ಹೊರತು ಅದು ನಿಶ್ಶಬ್ದವೆಂದು ಯಾರೂ ಹೊಗಳಲಿಲ್ಲ, ಯಾರೂ ನಿರೀಕ್ಷಿಸಲೂ ಇಲ್ಲ.

ನಿಜವಾದ ಪರೀಕ್ಷೆ ಬಂದುದು ಇಂಡಿಕಾದೊಡನೆ. ಅಂಬಾಸಿಡರಿನ ವಿಶಾಲತೆ, ಝೆನ್ ಕಾರಿನ ಗಾತ್ರ, ಮಾರುತಿ 800ರ ಬೆಲೆ ಇವು ಅದರ ಘೋಷಿತ ಗುರಿಗಳು. ಈ ಮೂರೂ ಗುರಿಗಳು ಉದ್ದಗಲಗಳನ್ನೂ ರೂಪಾಯಿಯನ್ನೂ ಕುರಿತವೆಂಬುದು, ಕಿವಿಯನ್ನು ಕುರಿತ ಗುರಿ ಆ ಘೋಷಣೆಯಲ್ಲಿ ಇರಲಿಲ್ಲವೆಂಬುದು ಇಂದು ಹಿಂದಿರುಗಿ ನೋಡಿದಾಗ ಎದ್ದು ಕಾಣುತ್ತದೆ. ಒಡಲಿನ ರೂಪರೇಷೆಗೆ ತುರೀನಿನ ಐ.ಡಿ.ಇ.ಎ. ಸಂಸ್ಥೆಯ ನೆರವು ದೊರೆಯಿತು; ಆಸ್ಟ್ರೇಲಿಯದಲ್ಲಿ ಮುಚ್ಚಿಹೋಗಿದ್ದ ನಿಸಾನ್ ಕಾರಖಾನೆಯ ಯಂತ್ರಗಳನ್ನು ಕೊಂಡು, ಬಿಚ್ಚಿ, ಹಡಗಿನಲ್ಲಿ ತಂದು ಪುಣೆಯಲ್ಲಿ ಮತ್ತೆ ಹೂಡಲಾಯಿತು. 1998ರಲ್ಲಿ ಗಾಡಿಯ ಅನಾವರಣವಾಯಿತು. 1999ರಲ್ಲಿ ಒಂದೇ ವಾರದಲ್ಲಿ ಪೂರ್ಣ ಹಣ ಕಟ್ಟಿ ಹೆಸರು ನೋಂದಿಸಿದವರು 1,15,000 ಮಂದಿ. ಮೋಟಾರು ಉದ್ಯಮದಲ್ಲಿ ಇಂತಹ ವಿಶ್ವಾಸ ಅಪೂರ್ವ. ಅನಂತರ ದೂರುಗಳು ಬಂದವು. ಹೇಳಿದಷ್ಟು ಬಲವಿಲ್ಲ, ಹೇಳಿದಷ್ಟು ಮೈಲಿ ಓಡದು ಎಂಬ ದೂರುಗಳ ಜೊತೆಗೆ ಸದ್ದು, ನಡುಕಗಳ ದೂರೂ ಸೇರಿತ್ತು. 1,405 ಘನ ಸೆಂಟಿಮೀಟರಿನ ಡೀಸೆಲ್ ಎಂಜಿನನ್ನು ತೆಳು ತಗಡಿನ ಏಕೋಡಲಿನಲ್ಲಿ ಕೂಡಿಸುವುದು ಅನುಭವಿಗಳಿಗೂ ಸುಲಭವಾಗಿರಲಿಲ್ಲ. ಡೀಸೆಲಿನ ಸಿಡಿತ ಪೆಟ್ರೋಲಿನದಕ್ಕಿಂತ ಹೆಚ್ಚು ಒರಟು. ಸಾಲದುದಕ್ಕೆ ಅದೇ ಕಾಲದಲ್ಲಿ ಕೊರಿಯದ ಸ್ಯಾಂಟ್ರೊ, ಮಾಟಿಜ್ ಕಾರುಗಳು ಪೇಟೆಗೆ ಇಳಿದಿದ್ದವು. ಹೋಲಿಕೆಯಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮುಂದೆ ನಡೆದುದು ಪುಣೆಯ ಯಂತ್ರವಿದ್ಯೆಯ ಇತಿಹಾಸದಲ್ಲಿ ಅಭಿಮಾನಪಡಬೇಕಾದ ಅಧ್ಯಾಯ. ಕಂಪನಿ ಮಾರಿದ ಗಾಡಿಗಳನ್ನು ಸರಿಪಡಿಸಿಕೊಡುವ ಹೊಣೆ ಹೊತ್ತಿತು. ವಿನ್ಯಾಸವನ್ನು ಮರುಪರಿಶೀಲಿಸಿ 2001ರಲ್ಲಿ ಇಂಡಿಕಾ ವಿ2 ಎಂಬ ತಿದ್ದಿದ ಆವೃತ್ತಿಯನ್ನು ಹೊರತಂದಿತು. ಮೊದಲ ಗಾಡಿಗೂ ಎರಡನೆಯದಕ್ಕೂ ಹೊರನೋಟದಲ್ಲಿ ಅಂತರ ಅಲ್ಪ. ಒಳಗೆ ಕುಳಿತವನಿಗೆ ಅಂತರ ತಿಳಿಯಿತು. ತಯಾರಾದ ಮೇಲೆ ಸದ್ದನ್ನು ಓಡಿಸುವುದು ಎಷ್ಟು ದುಬಾರಿ ಎಂಬ ಪಾಠಕ್ಕೆ ತೆತ್ತ ಶುಲ್ಕ ಅದು. ಅಚ್ಚು ಹೊಯ್ದಾದ ಬಳಿಕ ತೊಲೆಯ ಅಡ್ಡಕೊಯ್ತವನ್ನು ಬದಲಿಸಲಾಗದು. ಉಳಿಯುವ ಉಪಾಯಗಳೆಂದರೆ ರಬ್ಬರು, ಡಾಂಬರು, ಹತ್ತಿಯ ಮೆತ್ತೆ. ಇವು ಗ್ಯಾರೇಜಿನ ಮೇಸ್ತ್ರಿಯ ಉಪಾಯಗಳೇ, ಪ್ರಮಾಣ ಮಾತ್ರ ದೊಡ್ಡದು.

ಗುರಿಯನ್ನು ಮುಂಚಿತವಾಗಿ ಬರೆಯುವ ಕ್ರಮ ಇದರ ತರುವಾಯ ಬಲಗೊಂಡಿತು. ಆ ಕ್ರಮವನ್ನು ಬ್ಯಾಂಕಿನ ಜಮಾಖರ್ಚಿಗೆ ಹೋಲಿಸಿದರೆ ಓದುಗರಿಗೆ ಸುಲಭವಾದೀತು. ಮೊದಲು ಪ್ರಯಾಣಿಕನ ಕಿವಿಯ ಬಳಿ ಇರಬಹುದಾದ ಒಟ್ಟು ಸದ್ದನ್ನು ನಿಶ್ಚಯಿಸುತ್ತಾರೆ. ಅದನ್ನು ಎಂಜಿನು, ಟಯರು, ಗಾಳಿ, ಗೇರುಗಳಿಗೆ ಹಂಚುತ್ತಾರೆ. ಪ್ರತಿಯೊಂದರ ಪಾಲನ್ನು ಮತ್ತೆ ಎರಡಾಗಿ ಸೀಳುತ್ತಾರೆ: ಮೂಲದಿಂದ ಬರುವ ಬಲ ಇಷ್ಟಕ್ಕೆ ಮೀರಬಾರದು; ಆ ಬಲಕ್ಕೆ ಒಡಲು ಇಷ್ಟಕ್ಕಿಂತ ಹೆಚ್ಚು ಉತ್ತರ ಕೊಡಬಾರದು. ಎಂಜಿನು ಕುಳಿತಿರುವ ಸ್ಥಾನದಲ್ಲಿ ಒಂದು ನ್ಯೂಟನ್ ಬಲದಿಂದ ಒಡಲನ್ನು ಮಿಡಿದರೆ ಒಳಗೆ ಕೇಳುವ ಸದ್ದು 60 ಡೆಸಿಬೆಲಿಗೆ ಮೀರಕೂಡದು, ಸಾಧ್ಯವಾದರೆ 55ಕ್ಕೇ ನಿಲ್ಲಬೇಕು ಎಂಬುದು ಈ ವೃತ್ತಿಯಲ್ಲಿ ವಿಶ್ವವ್ಯಾಪಿಯಾದ ಒಂದು ರೂಢಿಯ ಅಂಕೆ. ಒಂದು ನ್ಯೂಟನ್ ಎಂದರೆ ಸುಮಾರು ನೂರು ಗ್ರಾಂ, ಒಂದು ಸಣ್ಣ ಪೇರಲಹಣ್ಣಿನ ಭಾರ. 60 ಡೆಸಿಬೆಲ್ ಎಂದರೆ ಇಬ್ಬರ ಸಾಧಾರಣ ಸಂಭಾಷಣೆ. ಅಷ್ಟು ಸ್ವಲ್ಪದಿಂದ ಅಷ್ಟು ಮಾತು ಹುಟ್ಟಿಸುವ ಶಕ್ತಿ ತಗಡಿಗಿದೆ. ಎಂಜಿನನ್ನು ಹೊರುವ ರಬ್ಬರಿಗಿಂತ ಅದು ಕುಳಿತ ಒಡಲಿನ ಜಾಗ ಐದರಿಂದ ಹತ್ತು ಪಟ್ಟು ಗಡುಸಾಗಿರಬೇಕೆಂಬುದು ಇಂತಹದೇ ಇನ್ನೊಂದು ನಿಯಮ; ಇಲ್ಲವಾದರೆ ರಬ್ಬರಿನ ಬದಲು ತಗಡೇ ಬಾಗಿ ತಡೆ ವ್ಯರ್ಥವಾಗುತ್ತದೆ.

ಆದರೆ ಡೆಸಿಬೆಲಿನ ಖಾತೆ ರೂಪಾಯಿಯ ಖಾತೆಯಂತೆ ಕೂಡುವುದಿಲ್ಲ. 60ಕ್ಕೆ 60 ಸೇರಿದರೆ 120 ಆಗದೆ 63 ಆಗುತ್ತದೆ. 70ಕ್ಕೆ 60 ಸೇರಿದರೆ 70.4 ಮಾತ್ರ. ಸಣ್ಣ ಸಾಲಗಳನ್ನೆಲ್ಲ ತೀರಿಸಿದರೂ ದೊಡ್ಡ ಸಾಲ ನಿಂತಿದ್ದರೆ ಸಾಲಗಾರನ ಸ್ಥಿತಿ ಬದಲಾಗದು. ಯಾವ ದಾರಿಯಿಂದ ಬರುವ ಸದ್ದು ದೊಡ್ಡದೆಂದು ತಿಳಿಯದೆ ಎಲ್ಲೆಡೆ ಮೆತ್ತೆ ತುಂಬಿದ ಗಾಡಿಗಳು ಭಾರವಾದುವೇ ಹೊರತು ನಿಶ್ಶಬ್ದವಾಗಲಿಲ್ಲ. ಈ ತಿಳಿವಳಿಕೆಯನ್ನು ದೊರಕಿಸಿದ ಸಾಧನಗಳೆರಡು. ಸದ್ದನ್ನು ಅದರ ಆವೃತ್ತಿಗಳಾಗಿ ಬೇಗನೆ ಬಿಡಿಸುವ ಗಣಿತಕ್ರಮವನ್ನು ಕೂಲಿ, ಟೂಕಿ ಎಂಬ ಅಮೆರಿಕನ್ನರು 1965ರಲ್ಲಿ ಪ್ರಕಟಿಸಿದರು. ಒಡಲನ್ನು ಕಾಗದದ ಮೇಲೆಯೇ ಸಾವಿರಾರು ತುಣುಕುಗಳಾಗಿ ಭಾವಿಸಿ ಅದರ ಕಂಪನವನ್ನು ಗಣಿಸುವ ವಿಧಾನವೂ ಅದೇ ದಶಕದಲ್ಲಿ, ವಿಮಾನ ಮತ್ತು ಅಂತರಿಕ್ಷ ಉದ್ಯಮದ ಆಶ್ರಯದಲ್ಲಿ ಬೆಳೆಯಿತು. ಪುಣೆಯ ಎರಡು ಸಂಸ್ಥೆಗಳು ಹುಟ್ಟಿದ ಕಾಲಕ್ಕೇ ಈ ಸಾಧನಗಳೂ ಹುಟ್ಟಿದ್ದರೂ ಇವು ಪುಣೆಯ ದೈನಂದಿನ ಬಳಕೆಗೆ ಬರಲು ಗಣಕಯಂತ್ರ ಅಗ್ಗವಾಗಬೇಕಾಯಿತು.

2008ರಲ್ಲಿ ಪ್ರದರ್ಶಿತವಾದ ನ್ಯಾನೊ ಈ ವಿದ್ಯೆಯನ್ನು ವಿಚಿತ್ರವಾದ ಇಕ್ಕಟ್ಟಿಗೆ ಒಡ್ಡಿತು. ಎರಡೇ ಸಿಲಿಂಡರಿನ, 624 ಘನ ಸೆಂಟಿಮೀಟರಿನ ಎಂಜಿನು. ಲಕ್ಷ ರೂಪಾಯಿಯ ಬೆಲೆಯ ಕಟ್ಟು. ಮೆತ್ತೆಗೆ ಹಣವಿಲ್ಲ, ತೂಕಕ್ಕೆ ಅವಕಾಶವಿಲ್ಲ. ಎಂಜಿನಿನೊಳಗೆ ಸಮತೋಲದ ದಂಡವೊಂದನ್ನು ತಿರುಗಿಸಿ ನಡುಕವನ್ನು ಮೂಲದಲ್ಲಿಯೇ ಭಾಗಶಃ ಕೊಲ್ಲಲಾಯಿತು. ಎಂಜಿನನ್ನು ಹಿಂಬದಿಗೆ ಕಳಿಸಿದ್ದೂ ಸದ್ದಿನ ದಾರಿಯನ್ನು ಬದಲಿಸಿತು. ಆ ಗಾಡಿಯ ವಾಣಿಜ್ಯದ ವೈಫಲ್ಯ ಬೇರೆ ಕಥೆ; ಗುರಿಯನ್ನು ಬಡವನ ಬೆಲೆಗೆ ಹೊಂದಿಸಿ ಬರೆಯುವ ಪ್ರಯತ್ನವೊಂದು ನಡೆದುದು ಮಾತ್ರ ಉಲ್ಲೇಖಾರ್ಹ.

ವಿದ್ಯುತ್ ಕಾರುಗಳು ಬಂದ ಮೇಲೆ, ವಿಶೇಷವಾಗಿ 2020ರ ನೆಕ್ಸಾನ್ ಇ.ವಿ. ತರುವಾಯ, ಸೆಕೆಂಡಿಗೆ 26ರ ಆ ಹಳೆಯ ಮಿಡಿತವೇ ಇಲ್ಲವಾಯಿತು. ಅದರೊಡನೆ ಸದ್ದು ಮುಗಿಯಿತೆಂದು ಭಾವಿಸಿದವರು ನಿರಾಶರಾದರು. ಎಂಜಿನಿನ ಗದ್ದಲ ಇಷ್ಟು ದಿನ ಮುಚ್ಚಿಟ್ಟಿದ್ದ ಟಯರಿನ ಮೊರೆತ, ಗಾಳಿಯ ಸುಯ್ಯುವಿಕೆ, ಗೇರಿನ ಸೀಟಿ ಇವೆಲ್ಲ ಮೇಲೆದ್ದು ಬಂದವು. ಶಾಸ್ತ್ರೀಯ ಸಂಗೀತದ ಸಭೆಯಲ್ಲಿ ಗಾಯಕರು ನಿಲ್ಲಿಸಿದಾಗ ಮಾತ್ರ ಹಿಂದಿನ ಸಾಲಿನ ಪಿಸುಮಾತು ಕೇಳುವಂತೆ ಇದು. ಗದುಗಿನಿಂದ ಬಂದು ಪುಣೆಯನ್ನೇ ಮನೆಮಾಡಿಕೊಂಡ ಪಂಡಿತ ಭೀಮಸೇನ ಜೋಶಿಯವರಿಗೆ ತಾವೇ ಕಾರು ನಡೆಸಿಕೊಂಡು ಕಛೇರಿಗಳಿಗೆ ಹೋಗುವ ಹಂಬಲ ಎಷ್ಟಿತ್ತೆಂಬುದು ಪ್ರಸಿದ್ಧ; ಅಂತಹ ಕಿವಿ ಹಳೆಯ ಗಾಡಿಗಳ ಶ್ರುತಿಹೀನತೆಯನ್ನು ಹೇಗೆ ತಾಳಿಕೊಂಡಿತೋ!

ಕೊನೆಗೆ ಉಳಿಯುವುದು, ಗುರಿಯನ್ನು ಯಾರಿಗಾಗಿ ಬರೆಯಲಾಯಿತೆಂಬ ಪ್ರಶ್ನೆ. ಈ ಇಡೀ ಇತಿಹಾಸ ಬಹುತೇಕ ಕಾರಿನ ಇತಿಹಾಸ. ಅಂದರೆ ದಿನಕ್ಕೆ ಒಂದೆರಡು ಗಂಟೆ ಗಾಡಿಯಲ್ಲಿ ಕುಳಿತು, ಸಹಿಸದಿದ್ದರೆ ಮತ್ತೊಂದು ಗಾಡಿ ಕೊಳ್ಳಬಲ್ಲವನ ಇತಿಹಾಸ. ಮನುಷ್ಯದೇಹ ಮೇಲುಕೆಳಗಿನ ನಡುಕಕ್ಕೆ ಅತ್ಯಂತ ಸುಲಭವಾಗಿ ಸೋಲುವುದು ಸೆಕೆಂಡಿಗೆ ನಾಲ್ಕರಿಂದ ಎಂಟರ ನಡುವಣ ಆವೃತ್ತಿಗಳಲ್ಲಿ ಎಂಬುದು, 1974ರಲ್ಲಿ ಮೊದಲು ರೂಪುಗೊಂಡ ಅಂತರರಾಷ್ಟ್ರೀಯ ಮಾನಕದಿಂದಲೂ, ಬಲ್ಲವರಿಗೆ ತಿಳಿದ ಮಾತು. ಪಿಂಪರಿ-ಚಿಂಚವಾಡದಲ್ಲಿ 1977ರಿಂದ ತಯಾರಾಗುತ್ತ ಬಂದ ಲಾರಿಗಳ ಚಾಲಕನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಂತಹ ನಡುಕದ ಮೇಲೆ ಕುಳಿತನು. ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡಗಳ ಹೆದ್ದಾರಿಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮಂದಿ ಈ ಕಸುಬಿನಲ್ಲಿ ಬೆನ್ನನ್ನೂ ಕಿವಿಯನ್ನೂ ತೆತ್ತಿದ್ದಾರೆ. ಲಾರಿಯನ್ನು ಕೊಳ್ಳುವವನು ಅದನ್ನು ನಡೆಸುವವನಲ್ಲವಾದುದರಿಂದ ಅವನ ದೂರು ಪೇಟೆಯ ಮೂಲಕ ವಿನ್ಯಾಸಕನ ಮೇಜನ್ನು ಮುಟ್ಟುವ ದಾರಿ ಇರಲಿಲ್ಲ. ಎಷ್ಟೋ ಗಾಡಿಗಳಿಗೆ ಚಾಲಕನ ಕೋಣೆಯನ್ನು ಕಾರಖಾನೆಯಲ್ಲಿ ಅಲ್ಲ, ರಸ್ತೆಬದಿಯ ಬಾಡಿ ಕಟ್ಟುವವರಲ್ಲಿ ಮರ, ತಗಡುಗಳಿಂದ ಕಟ್ಟಿಸಲಾಗುತ್ತಿತ್ತು. ಅಲ್ಲಿ ಅಂಕೆಯಾಗಲಿ ಗುರಿಯಾಗಲಿ ಇರಲಿಲ್ಲ.

2025ರ ಅಕ್ಟೋಬರ್ ಮೊದಲ ದಿನದಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಯಿತು. ಉದ್ದೇಶ ಸೆಕೆಯನ್ನು ಕುರಿತದ್ದು, ಸದ್ದನ್ನು ಕುರಿತದ್ದಲ್ಲ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ರಸ್ತೆಯ ಗದ್ದಲ ತಗ್ಗುತ್ತದೆ. ಬೆನ್ನ ಹಿಂದಿನ ತಗಡಿನ ಗುಂಯ್ಗಾಟ, ಕಾಲ ಕೆಳಗಿನ ನೆಲದ ಅದಿರು ಮೊದಲ ಸಲ ಬೇರೆಬೇರೆಯಾಗಿ ಚಾಲಕನ ಕಿವಿಗೆ ಬೀಳುತ್ತವೆ.